ಸೆಂಡ್ 64 ಅಂತ ವಾಪಸ್ ಕೊಟ್ಟಿತು, ಆದರೆ 11 ಚೀಲದ ತೂಕ ಆಫೀಸಿಗೆ ಮುಟ್ಟಲೇ ಇಲ್ಲ. ಕರ್ನಲ್ (ಲಿನಕ್ಸ್‌ನ ಒಳತಿರುಳು) ಒಳಗೆ ಏನಾಯ್ತು?

ಕಾಂಟಾ ಮನೆ, ಕಲಬುರಗಿ
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಇದೇ ಯೋಚನೆ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಊರ ಹೊರಗಿನ ಒಂದು ದಾಲ್ ಮಿಲ್‌ನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಈಗ ತೊಗರಿ ಸೀಸನ್. ಹಮಾಲರು ಒಂದೊಂದೇ ಚೀಲ ಕಾಂಟಾ (ತೂಕದ ಯಂತ್ರ) ಮೇಲೆ ಇಡುತ್ತಾರೆ, ತೂಕ ನೇರ ಕಂಪ್ಯೂಟರಿಗೆ ಬರುತ್ತದೆ. ನಾನು ಬರೆದ ಪೈಥಾನ್ ಪ್ರೋಗ್ರಾಮ್ ಅದನ್ನು 64 ಬೈಟ್‌ನ ಒಂದು ಸಾಲು ಮಾಡಿ ಟಿಸಿಪಿ (ಬೈಟ್‌ಗಳನ್ನು ಕ್ರಮವಾಗಿ ಮುಟ್ಟಿಸುವ ನೆಟ್‌ವರ್ಕ್ ನಿಯಮ) ಸಾಕೆಟ್‌ನಲ್ಲಿ, ಅಂದರೆ ಆ ಸಂಪರ್ಕದ ನಮ್ಮ ಕಡೆಯ ತುದಿಯಲ್ಲಿ, ಗಂಜ್‌ನ (ಮಾರುಕಟ್ಟೆಯ) ಆಫೀಸಿಗೆ ಕಳಿಸುತ್ತದೆ. ಮಿಲ್ ಕಡೆ ಮೊಬೈಲ್ ಡಾಂಗಲ್ ಇದೆ. ಎರಡೂ ಕಡೆ ಲಿನಕ್ಸ್. ಸೆಂಡ್ (ಡೇಟಾ ಕಳಿಸುವ ಆದೇಶ) ಕರೆದ ಮೇಲೆ 64 ಅಂತ ವಾಪಸ್ ಬಂದರೆ ಪರದೆ ಮೇಲೆ ಹಸಿರು ಬಣ್ಣ, "ಕಳಿಸಿದೆ" ಅಂತ ಗುರುತು.

ಸೋಮವಾರ ಮಧ್ಯಾಹ್ನ ಕರೆಂಟ್ ಹೋಯಿತು. ಯುಪಿಎಸ್ ಮೇಲೆ ಆರು ನಿಮಿಷ ಕೆಲಸ ನಡೆಯಿತು, ಆಮೇಲೆ ಅದೂ ಕೈಕೊಟ್ಟಿತು. ಸಂಜೆ ಲೆಕ್ಕ ತಾಳೆ ನೋಡಿದರೆ ಕೊನೆಯ 11 ಚೀಲ ಆಫೀಸಿನಲ್ಲಿ ಇಲ್ಲ. ನನ್ನ ಲಾಗ್‌ನಲ್ಲಿ 11ಕ್ಕೂ 64 ಇದೆ. ಒಂದು ಎರರ್ ಕೂಡ ಇಲ್ಲ.

ಆ 11 ಚೀಲವೂ ಒಬ್ಬರದೇ. ಆಳಂದ ಕಡೆಯ ರೈತರು. ಮರುದಿನ ಪ್ರಿಂಟ್ ಚೀಟಿ ಹಿಡಿದುಕೊಂಡು ಬಂದು "ನನ್ನ ಮಾಲು ಲೆಕ್ಕದಲ್ಲಿ ಯಾಕಿಲ್ಲ?" ಅಂತ ಕೇಳಿದರು. ಚೀಟಿ ಇದ್ದದ್ದಕ್ಕೆ ದುಡ್ಡು ಸಿಕ್ಕಿತು. ಇಲ್ಲದಿದ್ದರೆ? ಸೆಂಡ್ ಯಶಸ್ವಿ ಅಂದಮೇಲೆ ಡೇಟಾ ಎಲ್ಲಿಗೆ ಹೋಯಿತು? ಕರ್ನಲ್ ಸುಳ್ಳು ಹೇಳುತ್ತದಾ?

ಬಿಸಿಲು ನಾಡು
ಸುಳ್ಳು ಹೇಳಿಲ್ಲ. ನೀವು ಕೇಳದ ಪ್ರಶ್ನೆಗೆ ಉತ್ತರ ಅಂದುಕೊಂಡಿರಿ. 64 ಅಂದರೆ "64 ಬೈಟ್ ನಾನು ನಿಮ್ಮಿಂದ ತೆಗೆದುಕೊಂಡೆ" ಅಂತ, ಅಷ್ಟೇ. ಆಫೀಸಿಗೆ ಮುಟ್ಟಿತು ಅಂತ ಅಲ್ಲ. ಸೆಂಡ್‌ನ ಮ್ಯಾನ್ ಪೇಜ್‌ನಲ್ಲೇ (ಲಿನಕ್ಸ್‌ನ ಕೈಪಿಡಿ ಪುಟ) ಇದೆ: ತಲುಪದೇ ಹೋದರೆ ಅದು ಈ ಕರೆಯಿಂದ ಗೊತ್ತಾಗುವುದಿಲ್ಲ.

ಶೇಂಗಾ ಹಿಂಡಿ
ಟಿಸಿಪಿ ಅಂದರೆ ಗ್ಯಾರಂಟಿ ಅಂತ ಕಾಲೇಜಿನಲ್ಲಿ ಕಲಿಸಿದ್ದರಲ್ಲ? ಹಾಗಾದರೆ ಆ ಗ್ಯಾರಂಟಿ ಏನಕ್ಕೆ?

ಹಳೇ ಯುನಿಕ್ಸ್, ಕಲಬುರಗಿ
ಕಾಂಟಾ ತಮ್ಮಾ, ಸಮಾಧಾನವಾಗಿ ಹೇಳುತ್ತೇನೆ. ಒಮ್ಮೆ ಒಳಗಿನ ದಾರಿ ತಿಳಿದರೆ ಮತ್ತೆ ಈ ಗೊಂದಲ ಬರುವುದಿಲ್ಲ.

ನೀನು ಸೆಂಡ್ ಕರೆದಾಗ ನಿನ್ನ ಪ್ರೋಗ್ರಾಮ್ ನೆಟ್‌ವರ್ಕ್ ಕಾರ್ಡನ್ನು ಮುಟ್ಟುವುದೇ ಇಲ್ಲ, ಮುಟ್ಟಲು ಬಿಡುವುದೂ ಇಲ್ಲ. ಲೈಬ್ರರಿ ಪ್ರೊಸೆಸರ್ ಒಳಗಿನ ಒಂದು ರಿಜಿಸ್ಟರ್‌ನಲ್ಲಿ ಸಿಸ್ಟಮ್ ಕಾಲ್‌ನ (ಪ್ರೋಗ್ರಾಮ್ ಕರ್ನಲ್‌ನಿಂದ ಕೆಲಸ ಕೇಳುವ ಕರೆ) ನಂಬರ್ ಇಡುತ್ತದೆ. 64 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ಸೆಂಡ್‌ಟು ನಂಬರ್ 44. ಬೇರೆ ರಿಜಿಸ್ಟರ್‌ಗಳಲ್ಲಿ ಸಾಕೆಟ್‌ನ ಡಿಸ್ಕ್ರಿಪ್ಟರ್ (ಅದರ ಗುರುತಿನ ಸಂಖ್ಯೆ), ಡೇಟಾ ಇರುವ ಜಾಗ, ಎಷ್ಟು ಬೈಟ್ ಅನ್ನೋದು. ಆಮೇಲೆ ಸಿಸ್‌ಕಾಲ್ ಅನ್ನೋ ಒಂದೇ ಆದೇಶ. ಪ್ರೊಸೆಸರ್ ಅಲ್ಲಿಂದ ಕರ್ನಲ್ ಮೋಡ್‌ಗೆ ದಾಟುತ್ತದೆ.

ಒಳಗೆ ಕರ್ನಲ್ ಮೊದಲು ಡಿಸ್ಕ್ರಿಪ್ಟರ್ ನೋಡುತ್ತದೆ. ಇದು ಫೈಲಾ, ಸಾಕೆಟ್ಟಾ? ಸಾಕೆಟ್ ಆದರೆ ಯಾವ ಜಾತಿಯದು? ಟಿಸಿಪಿ ಅಂತ ತಿಳಿದ ಮೇಲೆ ಟಿಸಿಪಿಯ ಕೋಡ್‌ಗೆ ಒಪ್ಪಿಸುತ್ತದೆ. ಅದು ನಿನ್ನ 64 ಬೈಟನ್ನು ನಕಲು ಮಾಡಿಕೊಂಡು ತನ್ನ ಮೆಮೊರಿಯ ಒಂದು ಪೊಟ್ಟಣದಲ್ಲಿ ಹಾಕುತ್ತದೆ. ಆ ಪೊಟ್ಟಣಕ್ಕೆ ಲಿನಕ್ಸ್‌ನವರು ಎಸ್‌ಕೆಬಫ್ ಅನ್ನುತ್ತಾರೆ. ಅದನ್ನು ಈ ಸಾಕೆಟ್‌ನ ಕಳಿಸುವ ಸಾಲಿನಲ್ಲಿ ನಿಲ್ಲಿಸುತ್ತದೆ. ಕಳಿಸಲು ಸಾಧ್ಯವಿದ್ದರೆ ಆಗಲೇ ಐಪಿ (ವಿಳಾಸ ನೋಡಿ ದಾರಿ ಹಿಡಿಸುವ ಭಾಗ) ಕಡೆ, ಅಲ್ಲಿಂದ ಡ್ರೈವರ್ ಕಡೆ ತಳ್ಳುತ್ತದೆ. ಸಾಧ್ಯವಿಲ್ಲದಿದ್ದರೆ ಸಾಲಿನಲ್ಲೇ ಇರಲಿ ಅಂತ ಬಿಟ್ಟು, 64 ಅಂತ ಹೇಳಿ ನಿನ್ನನ್ನು ವಾಪಸ್ ಕಳಿಸುತ್ತದೆ. ಎರಡೂ ಸಲ ಉತ್ತರ ಒಂದೇ, 64.

ನಿನ್ನ 11 ಚೀಲದ ತೂಕಗಳು ಆ ಕಳಿಸುವ ಸಾಲಿನಲ್ಲೇ ನಿಂತಿದ್ದವು. ಬೆನ್ನಿಗೆ ಯುಪಿಎಸ್ ಹೋಯಿತು. ಕರ್ನಲ್ ಮೆಮೊರಿಯಲ್ಲಿ ಇದ್ದದ್ದು ಅಲ್ಲೇ ಮುಗಿಯಿತು.

ಭೀಮಾ ದಂಡೆ, ಯಾದಗಿರಿ
ಕಾಕಾ, ಒಂದು ಡೌಟು. ನಮ್ಮ ನೋಟ್ಸ್‌ನಲ್ಲಿ ಎಲ್ಲ ಸಾಕೆಟ್ ಕೆಲಸಕ್ಕೂ ಸಾಕೆಟ್‌ಕಾಲ್ ಅಂತ ಒಂದೇ ಸಿಸ್ಟಮ್ ಕಾಲ್, ನಂಬರ್ 102 ಅಂತ ಇದೆ. ನೀವು 44 ಅಂತೀರಿ. ಯಾವುದು ಸರಿ?

ಹಳೇ ಯುನಿಕ್ಸ್, ಕಲಬುರಗಿ
ಎರಡೂ ಸರಿ ತಂಗಿ. ನಿನ್ನ ನೋಟ್ಸ್ 32 ಬಿಟ್ ಕಾಲದ್ದು. ಆಗ ಒಂದೇ ಬಾಗಿಲಿನಿಂದ ಒಳಗೆ ಹೋಗಿ, ಒಳಗೆ ಮತ್ತೆ ಬೈಂಡಾ, ಲಿಸನ್ನಾ, ಕನೆಕ್ಟಾ ಅಂತ ಬೇರೆ ಮಾಡುತ್ತಿದ್ದರು. 64 ಬಿಟ್‌ನಲ್ಲಿ ಮೊದಲಿನಿಂದಲೂ ಪ್ರತಿಯೊಂದಕ್ಕೂ ಬೇರೆ ನಂಬರ್: ಸಾಕೆಟ್ 41, ಕನೆಕ್ಟ್ 42, ಅಕ್ಸೆಪ್ಟ್ 43, ಸೆಂಡ್‌ಟು 44, ರಿಸೀವ್‌ಫ್ರಮ್ 45. 32 ಬಿಟ್‌ಗೂ ಬೇರೆ ಬೇರೆ ಕೊಟ್ಟದ್ದು 2015ರಲ್ಲಿ, 4.3 ಕರ್ನಲ್‌ನಲ್ಲಿ. ಎಸ್‌ಟ್ರೇಸ್ (ಸಿಸ್ಟಮ್ ಕಾಲ್‌ಗಳನ್ನು ತೋರಿಸುವ ಕಮಾಂಡ್) ಹಾಕಿ ನೋಡು, ನೀನು ಸೆಂಡ್ ಅಂತ ಬರೆದರೂ ಅಲ್ಲಿ ಸೆಂಡ್‌ಟು ಅಂತಲೇ ಕಾಣುತ್ತದೆ.

ಸಾಕೆಟ್ ಅನ್ನೋ ಈ ಏರ್ಪಾಡು ಬರ್ಕ್ಲಿಯಲ್ಲಿ ಆದದ್ದು, 1983ರ 4.2 ಬಿಎಸ್‌ಡಿ (ಅಲ್ಲಿನ ಯುನಿಕ್ಸ್) ಜೊತೆ ಹೊರಗೆ ಬಂತು. 40 ವರ್ಷದ ಮೇಲಾಯಿತು, ಹೆಸರುಗಳು ಇವತ್ತಿಗೂ ಅವೇ.

ಬೀದರ್ ಕೋಟೆ ಓಣಿ
ನನಗೆ ಇದು ಅರ್ಥವಾದದ್ದು ಬುತ್ತಿಯಿಂದ. ನಾನು ಕಲಬುರಗಿಯಲ್ಲಿ ಹಾಸ್ಟೆಲ್‌ನಲ್ಲಿದ್ದಾಗ ಅವ್ವ ಪ್ರತಿ ಶನಿವಾರ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಬುತ್ತಿ ಕೊಟ್ಟು ಕಳಿಸುತ್ತಿದ್ದಳು. ಜೋಳದ ರೊಟ್ಟಿ, ಪುಂಡಿ ಪಲ್ಯ, ಹಿಂಡಿ. ಕಂಡಕ್ಟರ್ "ಆಯ್ತವ್ವಾ" ಅಂದರೆ ಅದು ಸೆಂಡ್ ವಾಪಸ್ ಬಂದ ಹಾಗೆ. ಹಾಸ್ಟೆಲ್ ವಾಚ್‌ಮನ್ ಬುತ್ತಿ ಇಳಿಸಿಕೊಂಡರೆ ಅದು ಟಿಸಿಪಿಯ ಆ್ಯಕ್ (ಆ ಕಡೆಯಿಂದ ಬರುವ "ಬಂತು" ಅನ್ನೋ ಗುರುತು). ನಾನು ಬಿಚ್ಚಿ ಉಂಡೆನಾ ಅನ್ನೋದು ಇವರಿಬ್ಬರಿಗೂ ಗೊತ್ತಿಲ್ಲ. ಅದಕ್ಕೇ ಅವ್ವ ರಾತ್ರಿ ಎಂಟಕ್ಕೆ ಫೋನ್ ಮಾಡಿ "ಉಂಡೆಯಾ?" ಅಂತ ಕೇಳುತ್ತಿದ್ದಳು.

ಬಿಸಿಲು ನಾಡು
ಅಕ್ಕಾರೆ, ಹೋಲಿಕೆ ಚೆನ್ನಾಗಿದೆ, ಆದರೆ ಪೂರ್ತಿ ಹೊಂದಲ್ಲ. ಕಂಡಕ್ಟರ್ ಬುತ್ತಿ ಕಳೆದರೆ ಕಳೆಯಿತು. ಕರ್ನಲ್ ಹಾಗಲ್ಲ. ಪ್ಯಾಕೆಟ್ ಹೊರಗೆ ಹೋದ ಮೇಲೂ ನಕಲು ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ. ಆ್ಯಕ್ ಬರುವ ತನಕ ಬಿಡುವುದಿಲ್ಲ. ಬರದಿದ್ದರೆ ಮತ್ತೆ ಕಳಿಸುತ್ತದೆ. ಶೇಂಗಾ ಅವರೇ, ನೀವು ಕೇಳಿದ ಗ್ಯಾರಂಟಿ ಇದೇ. ಬೈಟ್‌ಗಳು ಕ್ರಮ ತಪ್ಪುವುದಿಲ್ಲ, ನಡುವೆ ತೂತು ಬೀಳುವುದಿಲ್ಲ, ಎರಡು ಸಲ ಬರುವುದಿಲ್ಲ. ಆದರೆ ಎರಡೂ ಕಡೆ ಕರ್ನಲ್ ಬದುಕಿರಬೇಕು, ದಾರಿ ತೆರೆಯಬೇಕು.

ಬೀದರ್ ಕೋಟೆ ಓಣಿ
ಅವ್ವನ ಹತ್ತಿರವೂ ಇನ್ನೊಂದು ಜೊತೆ ರೊಟ್ಟಿ ಇರುತ್ತಿತ್ತು ತಮ್ಮಾ. ಬುತ್ತಿ ಬರಲಿಲ್ಲ ಅಂದರೆ ಮಧ್ಯಾಹ್ನದ ಬಸ್ಸಿಗೆ ಮತ್ತೆ ಕಟ್ಟುತ್ತಿದ್ದಳು. ಹೋಲಿಕೆ ಹೊಂದುತ್ತದೆ.

ಶೇಂಗಾ ಹಿಂಡಿ
ಈ ಬುತ್ತಿ ಓದಿ ನನ್ನ ಹಾಸ್ಟೆಲ್ ದಿನ ನೆನಪಾಯಿತು. ಸುರಪುರದ ಬಸ್ಸಿಗೆ ಕಾಯುತ್ತಾ ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತಿರುತ್ತಿದ್ದೆ. ಡಬ್ಬಿ ಮೇಲೆ ಅಪ್ಪ ಬಿಳಿ ದಾರ ಸುತ್ತಿ ನನ್ನ ಹೆಸರು ಬರೆದಿರುತ್ತಿದ್ದರು. ಪೆನ್ನಿನ ಮಸಿ ಎಣ್ಣೆಗೆ ಹರಡಿ ಅರ್ಧ ಹೆಸರು ಅಳಿಸಿರುತ್ತಿತ್ತು.

ಸೇಡಂ ರಸ್ತೆ
ವಿಷಯಕ್ಕೆ ಬರೋಣ. ಕೀಪ್ ಅಲೈವ್ (ಸುಮ್ಮನಿರುವ ಲೈನ್ ಬದುಕಿದೆಯಾ ಅಂತ ಆಗಾಗ ವಿಚಾರಿಸುವುದು) ಆನ್ ಮಾಡಿದರೆ ಸಾಕಲ್ಲ? ಲೈನ್ ಸತ್ತರೆ ತಾನೇ ಗೊತ್ತಾಗುತ್ತದೆ.

ಬಿಸಿಲು ನಾಡು
ಸಾಲದು. ಲಿನಕ್ಸ್‌ನಲ್ಲಿ ಕೀಪ್ ಅಲೈವ್ ಮೊದಲ ಸಲ ವಿಚಾರಿಸುವುದೇ 7200 ಸೆಕೆಂಡ್ ಸುಮ್ಮನಿದ್ದ ಮೇಲೆ, ಅಂದರೆ 2 ಗಂಟೆ. ಆಮೇಲೆ 75 ಸೆಕೆಂಡಿಗೊಮ್ಮೆ 9 ಸಲ. ಇದನ್ನು ಕಡಿಮೆ ಮಾಡಬಹುದು, ಒಪ್ಪುತ್ತೇನೆ. ಆದರೆ ಕಾಂಟಾ ಅವರ ಕೇಸ್‌ನಲ್ಲಿ ಕೀಪ್ ಅಲೈವ್‌ಗೆ ಕೆಲಸವೇ ಇಲ್ಲ. ಅದು ಲೈನ್ ಖಾಲಿ ಇದ್ದಾಗ ಮಾತ್ರ. ಇಲ್ಲಿ ಆ್ಯಕ್ ಬರದ ಡೇಟಾ ಬಾಕಿ ಇತ್ತು. ಬಾಕಿ ಇದ್ದಾಗ ಮರುಕಳಿಸುವ ಟೈಮರ್ ಓಡುತ್ತಿರುತ್ತದೆ.

ಆ ಟೈಮರ್ ಒಂದೊಂದು ಸಲ ಸೋತ ಹಾಗೆ ಕಾಯುವ ಹೊತ್ತನ್ನು ಎರಡು ಪಟ್ಟು ಮಾಡುತ್ತಾ ಹೋಗುತ್ತದೆ, 120 ಸೆಕೆಂಡ್ ಮುಟ್ಟುವ ತನಕ. ಟಿಸಿಪಿ ರಿಟ್ರೈಸ್2 ಅನ್ನೋ ಸೆಟ್ಟಿಂಗ್ 15 ಇರುತ್ತದೆ. ಲೆಕ್ಕ ಹಾಕಿದರೆ ಕರ್ನಲ್ ಕೈಚೆಲ್ಲಿ "ಟೈಮ್ ಔಟ್" ಅನ್ನಲು ಕಡಿಮೆ ಅಂದರೂ ಸುಮಾರು 924 ಸೆಕೆಂಡ್ ಬೇಕು. 15 ನಿಮಿಷದ ಮೇಲೆ. ಇವರ ಯುಪಿಎಸ್ ನಿಂತದ್ದು 6 ನಿಮಿಷ. ಎರರ್ ಬರಲು ಹೊತ್ತೇ ಸಿಗಲಿಲ್ಲ.

ಕಾಂಟಾ ಮನೆ, ಕಲಬುರಗಿ
ಅಬ್ಬಾ, 15 ನಿಮಿಷ! ಅಷ್ಟೊತ್ತೂ ಸೆಂಡ್ 64 ಅಂತಲೇ ಹೇಳುತ್ತಿರುತ್ತದಾ?

ಬಿಸಿಲು ನಾಡು
ಬಫರ್ ತುಂಬುವ ತನಕ ಹೇಳುತ್ತದೆ. ಸಾಮಾನ್ಯವಾಗಿ ಕಳಿಸುವ ಬಫರ್ 16 ಕೆಬಿಯಿಂದ ಶುರುವಾಗಿ ಬೇಕಾದ ಹಾಗೆ ಬೆಳೆಯುತ್ತದೆ. ನಿಮ್ಮ 11 ಸಾಲು ಸೇರಿ 704 ಬೈಟ್. ತುಂಬುವ ಮಾತೇ ಇಲ್ಲ. ತುಂಬಿದರೆ ಸೆಂಡ್ ಅಲ್ಲೇ ನಿದ್ದೆಗೆ ಹೋಗುತ್ತದೆ. ನಾನ್ ಬ್ಲಾಕಿಂಗ್ (ನಿಂತು ಕಾಯದ ರೀತಿ) ಮಾಡಿದ್ದರೆ "ಈಗ ಆಗಲ್ಲ, ಆಮೇಲೆ ಬಾ" ಅಂತ ಈಎಗೇನ್ ಕೊಡುತ್ತದೆ.

ನಂಬಿಕೆ ಇಲ್ಲದಿದ್ದರೆ ಪರೀಕ್ಷೆ ಮಾಡಿ. ಆಫೀಸಿನ ರೂಟರ್ ಕೇಬಲ್ ಕಿತ್ತುಬಿಡಿ. ಇಲ್ಲಿ ಎಸ್‌ಎಸ್ ಕಮಾಂಡ್ (ಸಾಕೆಟ್‌ಗಳ ಸ್ಥಿತಿ ತೋರಿಸುವುದು) ಹಾಕಿ ಸೆಂಡ್-ಕ್ಯೂ ಕಾಲಂ (ಆ್ಯಕ್ ಬರದೆ ಬಾಕಿ ಇರುವ ಬೈಟ್) ನೋಡುತ್ತಾ ಚೀಟಿ, ಅಂದರೆ ಒಂದೊಂದು ಚೀಲದ 64 ಬೈಟ್ ಸಾಲು, ಕಳಿಸಿ.

ಸೇಡಂ ರಸ್ತೆ
ಸರಿ, ಕೀಪ್ ಅಲೈವ್ ಬಗ್ಗೆ ನಾನು ತಪ್ಪು ತಿಳಿದಿದ್ದೆ. ಟಿಸಿಪಿ ಯೂಸರ್ ಟೈಮ್‌ಔಟ್ ಅಂತ ಒಂದು ಆಪ್ಶನ್ ಇದೆ ಅಲ್ವಾ? ಅದಕ್ಕೆ 20000 ಮಿಲಿಸೆಕೆಂಡ್ ಕೊಟ್ಟರೆ, ಆ್ಯಕ್ ಬರದೆ 20 ಸೆಕೆಂಡ್ ಆದರೆ ಕರ್ನಲ್ ಕನೆಕ್ಷನ್ ಮುರಿದು ಎರರ್ ಕೊಡುತ್ತದೆ.

ಬಿಸಿಲು ನಾಡು
ಹೌದು, ಅದು ಸರಿಯಾದ ಮಾತು. ಹಾಕಿಕೊಳ್ಳಲಿ. ಆದರೆ ಅದು ಬೇಗ ಎಚ್ಚರಿಸುತ್ತದೆ, ಅಷ್ಟೇ. ಯಾವ ಚೀಟಿ ಮುಟ್ಟಿತು, ಯಾವುದು ಇಲ್ಲ ಅಂತ ಹೇಳುವುದಿಲ್ಲ.

ಗಂಜ್ ಹುಡುಗ
ಇಷ್ಟೆಲ್ಲ ಯಾಕೆ? ತೂಕ ಬರೆದು ವಾಟ್ಸಾಪ್‌ನಲ್ಲಿ ಹಾಕಿ. ಎರಡು ನೀಲಿ ಗೆರೆ ಬಂದರೆ ಮುಟ್ಟಿತು.

ಹಳೇ ಯುನಿಕ್ಸ್, ಕಲಬುರಗಿ
ನೀಲಿ ಗೆರೆ ಅಂದೆಯಲ್ಲ, ಅದರಲ್ಲೇ ಉತ್ತರ ಇದೆ. ಒಂದು ಗೆರೆ, ಎರಡು ಗೆರೆ, ನೀಲಿ ಗೆರೆ ಬೇರೆ ಬೇರೆ ಯಾಕೆ ಇಟ್ಟರು? ಕರ್ನಲ್‌ನ 64 ಸಾಲದು, ಟಿಸಿಪಿ ಆ್ಯಕ್ ಕೂಡ ಸಾಲದು ಅಂತ. ಆ ಕಡೆಯ ಆ್ಯಪ್ ಬಾಯಿಬಿಟ್ಟು "ನನಗೆ ಬಂತು" ಅಂತ ಬೇರೆ ಸುದ್ದಿ ಕಳಿಸಬೇಕು. ಕಾಂಟಾ ತಮ್ಮನೂ ತನ್ನ ಪ್ರೋಗ್ರಾಮ್‌ನಲ್ಲಿ ಅದನ್ನೇ ಮಾಡಬೇಕು.

ಭೀಮಾ ದಂಡೆ, ಯಾದಗಿರಿ
ಟಿಸಿಪಿ ಆ್ಯಕ್ ಯಾಕೆ ಸಾಲದು? ಅದು ಆ ಕಡೆಯಿಂದಲೇ ಬರುತ್ತದಲ್ಲ?

ಹಳೇ ಯುನಿಕ್ಸ್, ಕಲಬುರಗಿ
ಆ ಕಡೆಯ ಕರ್ನಲ್‌ನಿಂದ ಬರುತ್ತದೆ, ಆ ಕಡೆಯ ಪ್ರೋಗ್ರಾಮ್‌ನಿಂದ ಅಲ್ಲ. ಪ್ಯಾಕೆಟ್ ಬಂದಾಗ ನೆಟ್‌ವರ್ಕ್ ಕಾರ್ಡ್ ಅದನ್ನು ಮೆಮೊರಿಯಲ್ಲಿ ಇಟ್ಟು ಇಂಟರಪ್ಟ್ ಕೊಡುತ್ತದೆ. ಕರ್ನಲ್ ಐಪಿ ತಲೆಬರಹ ನೋಡುತ್ತದೆ, ಟಿಸಿಪಿ ತಲೆಬರಹ ನೋಡುತ್ತದೆ. ಎರಡೂ ಕಡೆಯ ವಿಳಾಸ ಮತ್ತು ಪೋರ್ಟ್, ಈ ನಾಲ್ಕನ್ನು ಸೇರಿಸಿ ಯಾವ ಸಾಕೆಟ್ ಅಂತ ಹುಡುಕುತ್ತದೆ. ಅದರ ಸ್ವೀಕರಿಸುವ ಸಾಲಿನಲ್ಲಿ ನಿಲ್ಲಿಸುತ್ತದೆ. ರಿಸೀವ್ ಕರೆದು ಮಲಗಿರುವ ಪ್ರೋಗ್ರಾಮ್ ಇದ್ದರೆ ಎಬ್ಬಿಸುತ್ತದೆ. ಆ್ಯಕ್ ಹೋಗಲು ಪ್ರೋಗ್ರಾಮ್ ಓದಲೇಬೇಕು ಅಂತ ಇಲ್ಲ. ಆ ಪ್ರೋಗ್ರಾಮ್ ಎಲ್ಲೋ ಸಿಕ್ಕಿಕೊಂಡು ಒದ್ದಾಡುತ್ತಿದ್ದರೂ ಆ್ಯಕ್ ಬಂದಿರುತ್ತದೆ.

ಬೀದರ್ ಕೋಟೆ ಓಣಿ
ಇದರಲ್ಲಿ ನಾನು ಒಂದು ವಾರ ಸುಟ್ಟುಕೊಂಡಿದ್ದೇನೆ, ಹೇಳಿಬಿಡುತ್ತೇನೆ. ಹಿಂದೆ ನಾನು ಕೆಲಸ ಮಾಡಿದ ಒಂದು ಜಾಗದಲ್ಲಿ ಸರ್ವರ್ ಕೊನೆಯ ಉತ್ತರ ಕಳಿಸಿ ಕೂಡಲೇ ಕ್ಲೋಸ್ ಮಾಡುತ್ತಿತ್ತು. ಹತ್ತು ಸಲಕ್ಕೆ ಒಂದೆರಡು ಸಲ ಆ ಉತ್ತರ ಗಿರಾಕಿಗೆ ಬರುತ್ತಲೇ ಇರಲಿಲ್ಲ, "ಕನೆಕ್ಷನ್ ರೀಸೆಟ್" ಅಂತ ಬರುತ್ತಿತ್ತು. ಎಲ್ಲರೂ ನೆಟ್‌ವರ್ಕ್‌ಗೆ ಬೈದರು. ಕೊನೆಗೆ ಟಿಸಿಪಿಡಂಪ್ (ಹೋಗಿಬರುವ ಪ್ಯಾಕೆಟ್ ತೋರಿಸುವ ಕಮಾಂಡ್) ಇಟ್ಟುಕೊಂಡು ರಾತ್ರಿ ಕೂತು ನೋಡಿದೆ. ಗಿರಾಕಿ ಕಳಿಸಿದ ಕೊನೆಯ ಎರಡು ಬೈಟ್, ಒಂದು ಹೊಸಸಾಲಿನ ಗುರುತು, ನಮ್ಮ ಸರ್ವರ್ ಓದದೇ ಬಿಟ್ಟಿತ್ತು. ಓದದ ಬೈಟ್ ಬಫರ್‌ನಲ್ಲಿ ಉಳಿದಿರುವಾಗ ಕ್ಲೋಸ್ ಕರೆದರೆ ಲಿನಕ್ಸ್ ಫಿನ್ ("ಮುಗಿಯಿತು" ಅನ್ನೋ ಗುರುತು) ಕಳಿಸಿ ಮರ್ಯಾದೆಯಿಂದ ಮುಗಿಸುವುದಿಲ್ಲ, ರೀಸೆಟ್ ಕಳಿಸುತ್ತದೆ. ನಾವು ಕಳಿಸಿದ ಉತ್ತರ ಇನ್ನೂ ದಾರಿಯಲ್ಲಿದ್ದರೆ ಅದೂ ಹೋಯಿತು. ಮೊದಲು ಶಟ್‌ಡೌನ್ ಕರೆದು ಬರೆಯುವ ಬದಿ ಮುಚ್ಚಿ, ರಿಸೀವ್ ಸೊನ್ನೆ ಕೊಡುವ ತನಕ (ಆ ಕಡೆಯೂ ಮುಗಿಸಿತು ಅಂತ) ಓದಿ, ಆಮೇಲೆ ಕ್ಲೋಸ್ ಮಾಡಿದೆ. ಅವತ್ತಿಂದ ಸರಿಹೋಯಿತು.

ಬಿಸಿಲು ನಾಡು
ಅಕ್ಕಾರೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಬರೆದದ್ದು ಒಳ್ಳೆಯದಾಯಿತು.

ಸೇಡಂ ರಸ್ತೆ
ಕಾಂಟಾ ಅಣ್ಣಾ, ಇನ್ನೊಂದು ನೋಡಿಕೊಳ್ಳಿ. ಆಫೀಸ್ ಕಡೆ ರಿಸೀವ್ 64 ಅಂತ ಕರೆದು, ಬಂದದ್ದೇ ಒಂದು ಚೀಟಿ ಅಂದುಕೊಂಡಿದ್ದೀರಾ? ಟಿಸಿಪಿಗೆ ಚೀಟಿ ಗೊತ್ತಿಲ್ಲ, ಬರೀ ಬೈಟ್ ಗೊತ್ತು. ಲೈನ್ ತಡವಾಗಿ ಬಂದರೆ ಮೂರು ಚೀಟಿ ಅಂಟಿಕೊಂಡು ಬರಬಹುದು. ಅರ್ಧ ಚೀಟಿ ಮೊದಲು, ಇನ್ನರ್ಧ ಆಮೇಲೆ ಬರಬಹುದು. ಕಳಿಸುವ ಕಡೆ ಕೂಡ ಸೆಂಡ್ 64ರ ಬದಲು 40 ಅಂತ ಹೇಳಬಹುದು, ಉಳಿದ 24 ನೀವೇ ಮತ್ತೆ ಕೊಡಬೇಕು. ಪೈಥಾನ್‌ನಲ್ಲಿ ಸೆಂಡ್‌ಆಲ್ ಬಳಸಿ.

ಕಾಂಟಾ ಮನೆ, ಕಲಬುರಗಿ
ಪರೀಕ್ಷೆ ಮಾಡಿದೆ! ಆಫೀಸಿನ ಹುಡುಗನಿಗೆ ಫೋನ್ ಮಾಡಿ ರೂಟರ್ ಕೇಬಲ್ ಕೀಳಿಸಿದೆ. ಇಲ್ಲಿ ಖಾಲಿ ಚೀಲ ಇಟ್ಟು ಇಟ್ಟು ಚೀಟಿ ಕಳಿಸಿದೆ. ಸೆಂಡ್-ಕ್ಯೂ ಮೊದಲು 0. ಒಂದು ಚೀಟಿಗೆ 64. ಆಮೇಲೆ 128, 192, 256. ಪರದೆ ಮೇಲೆ ಪ್ರತಿಯೊಂದಕ್ಕೂ ಹಸಿರು. ಹನ್ನೊಂದನೆಯದಕ್ಕೆ 704. ಬಿಸಿಲು ಅಣ್ಣ ಹೇಳಿದ ಅದೇ ಸಂಖ್ಯೆ ಕಣ್ಣೆದುರು ನಿಂತಾಗ ಮೈ ಜುಮ್ಮೆಂದಿತು. ಆ ರೈತರ 11 ಚೀಲ ಸೋಮವಾರ ಇದ್ದದ್ದು ಇಲ್ಲೇ ಅಲ್ವಾ.

ಕೇಬಲ್ ವಾಪಸ್ ಹಾಕಿಸಿದೆ. ಕೂಡಲೇ ಇಳಿಯಲಿಲ್ಲ. 20 ಸೆಕೆಂಡ್ ಹಾಗೇ 704 ಇತ್ತು. ಆಮೇಲೆ ಒಮ್ಮೆಗೇ 0. ಆಫೀಸಿನಲ್ಲಿ 11 ಸಾಲೂ ಒಟ್ಟಿಗೆ ಬಂದವು. ಸೇಡಂ ಅಣ್ಣ ಹೇಳಿದ ಹಾಗೆ ಅಂಟಿಕೊಂಡೇ ಬಂದವು, ನನ್ನ ಪ್ರೋಗ್ರಾಮ್ ಹೊಸಸಾಲು ನೋಡಿ ಬೇರೆ ಮಾಡುವುದರಿಂದ ತೊಂದರೆ ಆಗಲಿಲ್ಲ.

ಬಿಸಿಲು ನಾಡು
ಆ 20 ಸೆಕೆಂಡ್ ಯಾಕೆ ಅಂದರೆ, ಹೇಳಿದೆನಲ್ಲ, ಟೈಮರ್ ಎರಡು ಪಟ್ಟಾಗುತ್ತಾ ಹೋಗಿರುತ್ತದೆ. ದಾರಿ ತೆರೆದದ್ದು ಅದಕ್ಕೆ ಗೊತ್ತಿಲ್ಲ. ಮುಂದಿನ ಸರದಿ ಬರುವ ತನಕ ಕಾಯುತ್ತದೆ.

ಹಳೇ ಯುನಿಕ್ಸ್, ಕಲಬುರಗಿ
ಭೇಷ್ ತಮ್ಮಾ. ಈಗ ಮಾಡಬೇಕಾದ್ದು ಹೇಳುತ್ತೇನೆ. ಪ್ರತಿ ಚೀಟಿಗೂ ಮತ್ತೆ ಬಾರದ ಒಂದು ನಂಬರ್ ಕೊಡು. ಕಳಿಸುವ ಮೊದಲೇ ನಿನ್ನ ಡಿಸ್ಕಿನಲ್ಲಿ ಬರೆದಿಡು. ಆಫೀಸಿನ ಪ್ರೋಗ್ರಾಮ್ ಅದನ್ನು ಡೇಟಾಬೇಸ್‌ನಲ್ಲಿ ಬರೆದು ಗಟ್ಟಿಯಾದ ಮೇಲೆ ಅದೇ ನಂಬರ್ ವಾಪಸ್ ಕಳಿಸಲಿ. ಅದು ಬಂದಾಗ ಮಾತ್ರ ಹಸಿರು. ಬರದಿದ್ದರೆ ಹೊಸ ಕನೆಕ್ಷನ್ ಮಾಡಿ ಮತ್ತೆ ಕಳಿಸು. ಮೊದಲೇ ಮುಟ್ಟಿ ಉತ್ತರ ಮಾತ್ರ ಕಳೆದಿದ್ದರೆ ಆಫೀಸಿಗೆ ಎರಡನೇ ಸಲ ಬರುತ್ತದೆ. ನಂಬರ್ ನೋಡಿ "ಇದು ಇದೆ" ಅಂತ ಬಿಟ್ಟು, ಮತ್ತೆ ನಂಬರ್ ವಾಪಸ್ ಕೊಡಲಿ. ರೈತರಿಗೆ 11ರ ಬದಲು 22 ಚೀಲ ಆಗಬಾರದು.

ಡಿಸ್ಕಿನಲ್ಲಿ ಬರೆಯುವಾಗಲೂ ಹುಷಾರು. ಫೈಲಿಗೆ ರೈಟ್ ಕರೆದರೂ ಕರ್ನಲ್ ಮೊದಲು ತನ್ನ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ, ಡಿಸ್ಕಿಗೆ ಆಮೇಲೆ ಬರೆಯುತ್ತದೆ. ಎಫ್‌ಸಿಂಕ್ (ಈಗಲೇ ಡಿಸ್ಕಿಗೆ ಬರೆ ಅನ್ನೋ ಕರೆ) ಕರೆದು, ಅದು ವಾಪಸ್ ಬಂದ ಮೇಲೆಯೇ ಮುಂದಕ್ಕೆ ಹೋಗು. ನಿನ್ನ ಸೋಮವಾರದ ಲಾಗ್ ಉಳಿದದ್ದೇ ಪುಣ್ಯ.

ಗಂಜ್ ಹುಡುಗ
ಚೀಲಕ್ಕೊಂದು ಎಫ್‌ಸಿಂಕ್, ಚೀಲಕ್ಕೊಂದು ಉತ್ತರ ಅಂದರೆ ನಿಧಾನ ಆಗಲ್ವಾ? ಸೀಸನ್‌ನಲ್ಲಿ ಹಮಾಲರು ನಿಂತು ಕಾಯಲ್ಲ.

ಹಳೇ ಯುನಿಕ್ಸ್, ಕಲಬುರಗಿ
ಒಂದು ಚೀಲ ಇಟ್ಟು ಇನ್ನೊಂದು ಎತ್ತಲು ಅವರಿಗೆ ಹತ್ತು ಸೆಕೆಂಡ್ ಬೇಕು. ಕರ್ನಲ್‌ಗೆ ಅದು ಯುಗ. ಉತ್ತರಕ್ಕೆ ಕಾಯುತ್ತಾ ನಿಲ್ಲಬೇಕಾಗಿಯೂ ಇಲ್ಲ. ತೂಕ ಬರೆದುಕೊಳ್ಳುತ್ತಾ ಹೋಗಲಿ, ಉತ್ತರ ಬಂದ ಹಾಗೆ ಹಸಿರು ಮಾಡಲಿ.

ಕಾಂಟಾ ಮನೆ, ಕಲಬುರಗಿ
ನಿನ್ನೆ ರಾತ್ರಿ ಕೂತು ಎಲ್ಲ ಬದಲಿಸಿದೆ ಕಾಕಾ. ಈಗ ತೂಕ ಬಂದ ಕೂಡಲೇ ಹಳದಿ. ಆಫೀಸಿಂದ ನಂಬರ್ ಬಂದ ಮೇಲೆ ಹಸಿರು. ಬೆಳಿಗ್ಗೆ 40 ಚೀಲ ತೂಗಿದೆವು. ನಡುವೆ ಡಾಂಗಲ್ ಸಿಗ್ನಲ್ ಹೋಗಿ 7 ಚೀಲ ಹಳದಿಯಲ್ಲೇ ನಿಂತವು. ಹಮಾಲರ ಮೇಸ್ತ್ರಿ ಬಂದು "ಯಾಕೆ ಹಳದಿ?" ಅಂತ ಕೇಳಿದರು. ಇನ್ನೂ ಮುಟ್ಟಿಲ್ಲ, ಇಲ್ಲೇ ಬರೆದಿಟ್ಟಿದೆ ಅಂದೆ. ಸಿಗ್ನಲ್ ಬಂದ ಮೇಲೆ ಒಂದೊಂದಾಗಿ ಹಸಿರಾಗುವುದನ್ನು ನಿಂತು ನೋಡಿ, ಏಳೂ ಆದ ಮೇಲೆ ಹೋದರು.

ಭೀಮಾ ದಂಡೆ, ಯಾದಗಿರಿ
ನಾನೂ ಲ್ಯಾಪ್‌ಟಾಪ್‌ನಲ್ಲಿ ಮಾಡಿ ನೋಡಿದೆ. ಒಂದು ಕಡೆ ಲಿಸನ್ (ಕನೆಕ್ಷನ್‌ಗೆ ಕಾಯುವ ಕರೆ) ಮಾತ್ರ ಕರೆದು ಪ್ರೋಗ್ರಾಮನ್ನು ಮಲಗಿಸಿದೆ, ಅಕ್ಸೆಪ್ಟ್ (ಬಂದ ಕನೆಕ್ಷನ್ ತೆಗೆದುಕೊಳ್ಳುವ ಕರೆ) ಬರೆಯಲೇ ಇಲ್ಲ. ಇನ್ನೊಂದು ಕಡೆಯಿಂದ ಕನೆಕ್ಟ್ ಮಾಡಿದರೆ ಆಗಿಬಿಟ್ಟಿತು! 64 ಬೈಟ್ ಕಳಿಸಿದೆ, ಅದೂ ಆಯ್ತು. ಕಳಿಸಿದ ಕಡೆ ಸೆಂಡ್-ಕ್ಯೂ 0, ಅಂದರೆ ಆ್ಯಕ್ ಬಂದಿದೆ. ಆ ಕಡೆ ರಿಸೀವ್-ಕ್ಯೂ 64, ಓದುವವರೇ ಇಲ್ಲ. ಕೈಕುಲುಕುವ (ಕನೆಕ್ಷನ್ ಶುರು ಮಾಡುವ) ಕೆಲಸ ಪೂರ್ತಿ ಕರ್ನಲ್ಲೇ ಮಾಡಿ ಸಾಲಿನಲ್ಲಿ ನಿಲ್ಲಿಸಿರುತ್ತದಾ?

ಬಿಸಿಲು ನಾಡು
ಹೌದು ತಂಗಿ. ಲಿಸನ್‌ಗೆ ನೀನು ಕೊಡುವ ಸಂಖ್ಯೆ ಆ ಸಾಲಿನ ಉದ್ದ. ಎಷ್ಟೇ ದೊಡ್ಡದು ಕೊಟ್ಟರೂ ಸೋಮ್ಯಾಕ್ಸ್‌ಕಾನ್ ಅನ್ನೋ ಕರ್ನಲ್ ಮಿತಿ ದಾಟುವುದಿಲ್ಲ. ಹಿಂದೆ ಅದು 128 ಇತ್ತು, 5.4 ಕರ್ನಲ್‌ನಿಂದ 4096. ನಿನ್ನ ಲಿಸನ್‌ಗೆ 1 ಕೊಟ್ಟು ನಾಲ್ಕೈದು ಕನೆಕ್ಷನ್ ಮಾಡಿ ನೋಡು, ಎಷ್ಟನೆಯದು ತಡೆಯುತ್ತದೆ ಅಂತ.

ಭೀಮಾ ದಂಡೆ, ಯಾದಗಿರಿ
ಎರಡು ಕೂಡಲೇ ಆದವು. ಮೂರನೆಯದು ಕಾಯುತ್ತಾ ನಿಂತಿದೆ. ಎಸ್‌ಎಸ್‌ನಲ್ಲಿ ಸಿನ್-ಸೆಂಟ್ (ಕನೆಕ್ಷನ್ ಕೇಳಿದೆ, ಉತ್ತರ ಬಂದಿಲ್ಲ) ಅಂತ ತೋರಿಸುತ್ತಿದೆ.